ಮೈಯೊಳಗಿನ ಕಡತ

ಕುಕನೂರಿನ ನಮ್ಮ ಕೇರಿಯಲ್ಲಿ ಯಾರಾದರೂ ಮೈ ತುಂಬಿಕೊಂಡರೆ ‘ಉಂಡು ಸುಖವಾಗ್ಯಾರ’ ಅಂತಾರೆ. ಹಸಿವಿನ ಚರಿತ್ರೆಯಿಂದ ಬಂದವರಿಗೆ ಬೊಜ್ಜೂ ಸುಖವೇ!

ಅಮೆರಿಕದ ಕಪ್ಪು ಹೆಣ್ಣುಮಕ್ಕಳ ಮೈ ಬೇರೆಯದನ್ನೇ ಹೇಳಿತು. 1995ರಲ್ಲಿ ಸುಮಾರು 59,000 ಮಹಿಳೆಯರೊಂದಿಗೆ ಆರಂಭವಾದ ಆರೋಗ್ಯ ಅಧ್ಯಯನವೊಂದು, ವರ್ಣಭೇದವನ್ನು ಹೆಚ್ಚು ಉಂಡವರ ತೂಕ ಕಾಲಕ್ರಮೇಣ ಹೆಚ್ಚು ಏರಿದ್ದನ್ನು 2009ರಲ್ಲಿ ತೋರಿಸಿತು. ಕೇಳಿದ್ದ ಪ್ರಶ್ನೆಗಳಲ್ಲೊಂದು: ಹೋಟೆಲು, ಅಂಗಡಿಗಳಲ್ಲಿ ನಿಮ್ಮನ್ನು ಕೀಳಾಗಿ ಕಾಣುತ್ತಾರೆಯೇ?

ಹೋಟೆಲು! ನಮ್ಮದೇ ಜಿಲ್ಲೆಯ ಮರಕುಂಬಿಯಲ್ಲಿ 2014ರಲ್ಲಿ ದಲಿತರ ಗುಡಿಸಲುಗಳು ಸುಟ್ಟವು. ಹೋಟೆಲು, ಕ್ಷೌರದಂಗಡಿಗೆ ಬಿಟ್ಟುಕೊಳ್ಳದ ಸಿಟ್ಟು ಆ ಜಗಳದ ಹಿಂದಿತ್ತು. 2024ರಲ್ಲಿ ಕೊಪ್ಪಳದ ನ್ಯಾಯಾಲಯ 98 ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಬೆಂಕಿಯ ಲೆಕ್ಕ ಕಡತಕ್ಕೆ ಬಂತು. ದಿನನಿತ್ಯದ ಅವಮಾನದ ಲೆಕ್ಕ? ಒತ್ತಡದಲ್ಲಿ ಒಸರುವ ಕಾರ್ಟಿಸಾಲ್ ಹಸಿವು ಕೆರಳಿಸಿ ಹೊಟ್ಟೆಯಲ್ಲಿ ಕೊಬ್ಬು ಕೂಡಿಸುತ್ತದಂತೆ. ನಮ್ಮವ್ವನಿಗೆ ಡಾಕ್ಟರು ‘ಅನ್ನ ಕಡಿಮಿ ಮಾಡಬೇ’ ಅಂದರು. ಆಕಿ ಹೋಟೆಲಿನ ಹೊರಗೆ ನಿಂತ ವರ್ಷಗಳನ್ನು ಯಾರೂ ಕೇಳಲಿಲ್ಲ.