ಟ್ಯೂಬುಲರ್ ಟೈರ್: ರಸ್ತೆ ಸೈಕಲ್‌ನಲ್ಲಿ ಅದರ ಆಯ್ಕೆಯ ಇತಿಹಾಸ

ಟ್ಯೂಬುಲರ್ ಎಂದರೆ ಟ್ಯೂಬನ್ನು ಒಳಗಿಟ್ಟು ಸುತ್ತಲೂ ಹೊಲಿದು, ರಿಮ್ಮಿಗೆ ಅಂಟು ಹಚ್ಚಿ ಕೂರಿಸುವ ರೇಸ್ ಸೈಕಲ್ ಟೈರು. ಮನೆಯ ಸೈಕಲ್ಲಿನ ಟೈರಿಗೆ ಎರಡೂ ಅಂಚಿನಲ್ಲಿ ತಂತಿ ಇರುತ್ತದೆ, ರಿಮ್ಮಿನ ಏಣು ಅದನ್ನು ಹಿಡಿದುಕೊಳ್ಳುತ್ತದೆ. ಪಂಕ್ಚರ್ ಆದರೆ ಅಂಗಡಿಯವರು ಒಂದು ಅಂಚನ್ನು ಎಬ್ಬಿಸಿ ಟ್ಯೂಬನ್ನು ಹೊರಗೆಳೆಯುತ್ತಾರೆ. ಟ್ಯೂಬುಲರ್‌ಗೆ ಎಬ್ಬಿಸಲು ಅಂಚೇ ಇಲ್ಲ. ಅದು ಗಾಳಿ ತುಂಬಿದ ಕರುಳಿನ ಹಾಗೆ ಇಡಿಯಾಗಿ ದುಂಡಗಿರುತ್ತದೆ. ಫ್ರೆಂಚರು ಅದನ್ನು ಕರೆಯುವುದೂ ‘ಬ್ವಾಯೊ’, ಅಂದರೆ ಕರುಳು, ಎಂದೇ. ಇಟಲಿಯಲ್ಲಿ ತುಬೊಲಾರೆ, ಇಂಗ್ಲೆಂಡಿನಲ್ಲಿ ಟಬ್, ಅಮೆರಿಕದಲ್ಲಿ ಸ್ಯೂ-ಅಪ್. ಒಂದು ಶತಮಾನಕ್ಕೂ ಹೆಚ್ಚು ಕಾಲ ರಸ್ತೆ ರೇಸಿನಲ್ಲಿ ಹೆಚ್ಚಾಗಿ ಬಳಸಿದ್ದು ಇದನ್ನೇ. ಅದಕ್ಕೆ ವೇಗವೊಂದೇ ಕಾರಣವಲ್ಲ. ದಾರಿಯಲ್ಲಿ ಗಾಳಿ ಹೋದರೆ ಸವಾರನಿಗೆ ಯಾರು ಗತಿ ಎಂಬುದೂ ಅಷ್ಟೇ ದೊಡ್ಡ ಕಾರಣ.

ಗಾಳಿ ತುಂಬಿದ ಟೈರಿಗೆ ಮೊದಲು ಪೇಟೆಂಟ್ ಪಡೆದವನು ಸ್ಕಾಟ್ಲೆಂಡಿನ ರಾಬರ್ಟ್ ವಿಲಿಯಂ ಥಾಮ್ಸನ್, 1845ರಲ್ಲಿ. ಅದು ಕುದುರೆಗಾಡಿಗೆಂದು ಮಾಡಿದ್ದು. ಸೈಕಲ್ಲಿನ ಕಾಲ ಇನ್ನೂ ಬಂದಿರಲಿಲ್ಲ, ಹಾಗಾಗಿ ಜನ ಅದನ್ನು ಮರೆತರು. ಬೆಲ್‌ಫಾಸ್ಟ್‌ನಲ್ಲಿ ಪಶುವೈದ್ಯನಾಗಿದ್ದ ಜಾನ್ ಬಾಯ್ಡ್ ಡನ್ಲಪ್ ಮಗನ ಮೂರು ಚಕ್ರದ ಸೈಕಲ್ಲಿಗಾಗಿ ಅದೇ ಉಪಾಯವನ್ನು ಹೊಸದಾಗಿ ಕಂಡುಕೊಂಡು 1888ರಲ್ಲಿ ಪೇಟೆಂಟ್ ಪಡೆದ. ಮರುವರ್ಷವೇ ವಿಲಿ ಹ್ಯೂಮ್ ಎಂಬ ಸವಾರ ಬೆಲ್‌ಫಾಸ್ಟ್‌ನ ರೇಸುಗಳಲ್ಲಿ ಈ ‘ಗಾಳಿ ಟೈರು’ ಹಾಕಿಕೊಂಡು ಗೆದ್ದ ಮೇಲೆ ಗಟ್ಟಿ ರಬ್ಬರಿನ ಟೈರಿಗೆ ರೇಸಿನಲ್ಲಿ ಜಾಗ ಉಳಿಯಲಿಲ್ಲ. ಥಾಮ್ಸನ್‌ನ ಹಳೆಯ ಪೇಟೆಂಟ್ ಬೆಳಕಿಗೆ ಬಂದು ಡನ್ಲಪ್‌ನ ಹಕ್ಕು ಬಿದ್ದುಹೋಯಿತು, ಆದರೆ ಅಷ್ಟರಲ್ಲಿ ಡನ್ಲಪ್ ಎಂಬ ಹೆಸರು ವ್ಯಾಪಾರದಲ್ಲಿ ನೆಲೆಯೂರಿತ್ತು.

ಡನ್ಲಪ್‌ನ ಮೊದಲ ಟೈರನ್ನು ಬಟ್ಟೆ ಸುತ್ತಿ ರಿಮ್ಮಿಗೆ ಅಂಟಿಸಲಾಗುತ್ತಿತ್ತು. ತೂತು ಬಿದ್ದರೆ ಬಿಚ್ಚುವುದೇ ದೊಡ್ಡ ಕೆಲಸ. ಈ ತೊಂದರೆಗೆ ಎರಡು ಬಗೆಯ ಪರಿಹಾರ ಹುಟ್ಟಿತು. ಒಂದು, ಸುಲಭವಾಗಿ ಕಳಚಬಹುದಾದ ಟೈರು. 1890ರಲ್ಲಿ ಇಂಗ್ಲೆಂಡಿನ ಚಾರ್ಲ್ಸ್ ಕಿಂಗ್‌ಸ್ಟನ್ ವೆಲ್ಚ್ ಅಂಚಿಗೆ ತಂತಿ ಹಾಕಿದ. ಎಡಿನ್‌ಬರೋದ ರಬ್ಬರ್ ಕಂಪನಿಯಲ್ಲಿದ್ದ ಬಾರ್ಟ್‌ಲೆಟ್ ಅದೇ ವರ್ಷ ರಿಮ್ಮಿನ ಕೊಕ್ಕೆಗೆ ಸಿಕ್ಕಿಕೊಳ್ಳುವ ಅಂಚನ್ನು ಮಾಡಿದ; ‘ಕ್ಲಿಂಚರ್’ ಎಂಬ ಹೆಸರು ಅಲ್ಲಿಂದ ಬಂದದ್ದು. ಫ್ರಾನ್ಸಿನಲ್ಲಿ ಮಿಶೆಲಿನ್ ಸೋದರರ ಕಳಚುವ ಟೈರು ಹಾಕಿಕೊಂಡು ಶಾರ್ಲ್ ತೆರೋಂ 1891ರ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ ರೇಸನ್ನು ಗೆದ್ದ. ಎರಡನೆಯ ಪರಿಹಾರವೇ ಟ್ಯೂಬುಲರ್: ಟೈರನ್ನು ರಿಪೇರಿ ಮಾಡುವ ಗೋಜೇ ಬೇಡ, ಇಡೀ ಟೈರನ್ನು ಕಿತ್ತು ಬೇರೊಂದನ್ನು ಹಾಕಿಬಿಡುವುದು. ಮನೆಬಳಕೆಯ ಸೈಕಲ್ ಮೊದಲನೆಯ ದಾರಿ ಹಿಡಿಯಿತು, ರೇಸು ಎರಡನೆಯದನ್ನು.

ಅದರ ಒಳರಚನೆ ಹೀಗಿದೆ. ಹತ್ತಿಯ ನೂಲನ್ನು ನೇಯದೆ ಒಂದರ ಪಕ್ಕ ಒಂದರಂತೆ ಹಾಸಿ, ರಬ್ಬರ್ ಹಾಲು ಬಳಿದು, ಇಂಥ ಎರಡು ಪದರಗಳನ್ನು ಓರೆಯಾಗಿ ಒಂದರ ಮೇಲೊಂದು ಇಡುತ್ತಾರೆ. ಒಳ್ಳೆಯ ಟೈರಿನಲ್ಲಿ ಇಂಚಿಗೆ ಮುನ್ನೂರಕ್ಕೂ ಹೆಚ್ಚು ಎಳೆ. ತೆಳ್ಳನೆಯ ಲ್ಯಾಟೆಕ್ಸ್ ಟ್ಯೂಬಿನ ಸುತ್ತ ಅದನ್ನು ಮಡಚಿ ಒಳಮುಖವನ್ನು ಹೊಲಿದು, ಹೊಲಿಗೆಯ ಮೇಲೆ ಬಟ್ಟೆಯ ಪಟ್ಟಿ ಅಂಟಿಸಿ, ಹೊರಮುಖಕ್ಕೆ ರಬ್ಬರಿನ ತಳವನ್ನು ಕೈಯಿಂದಲೇ ಕೂರಿಸುತ್ತಾರೆ. ನೂಲು ಎಷ್ಟು ನವಿರೋ ಟೈರು ಅಷ್ಟು ಮೆತ್ತಗೆ ಬಾಗುತ್ತದೆ. ಬಾಗುವಾಗ ವ್ಯರ್ಥವಾಗುವ ಶಕ್ತಿ ಕಡಿಮೆಯಾದಷ್ಟೂ ಚಕ್ರ ಹಗುರಾಗಿ ಉರುಳುತ್ತದೆ. ರೇಷ್ಮೆಯೆಂದರೆ ಸೀರೆಯನ್ನಷ್ಟೇ ನೆನೆಯುವ ನಮಗೆ ಸೋಜಿಗವೆನಿಸಬಹುದು, ಈ ಕುಶಲಕಲೆಯ ತುತ್ತತುದಿಯಲ್ಲಿ ಇದ್ದದ್ದೂ ರೇಷ್ಮೆಯೇ. ಕ್ಲೆಮಾನ್ ಕಂಪನಿಯ ರೇಷ್ಮೆ ಟ್ಯೂಬುಲರ್‌ಗಳು ಪೆಲೋಟಾನಿನಲ್ಲಿ, ಅಂದರೆ ರೇಸಿನ ಸವಾರರ ಗುಂಪಿನಲ್ಲಿ, ಗೌರವದ ವಸ್ತುಗಳಾಗಿದ್ದವು. ಸವಾರ ಎಡಿ ಮರ್ಕ್ಸ್ 1972ರ ಅಕ್ಟೋಬರ್ 25ರಂದು ಮೆಕ್ಸಿಕೊ ನಗರದಲ್ಲಿ ಒಂದು ಗಂಟೆಗೆ 49.431 ಕಿಲೋಮೀಟರ್ ಓಡಿಸಿ ದಾಖಲೆ ಮಾಡಿದ್ದೂ ರೇಷ್ಮೆ ಟೈರಿನ ಮೇಲೆಯೇ.

ಹಳೆಯ ಟೂರ್ ದೆ ಫ್ರಾನ್ಸ್ ಚಿತ್ರಗಳಲ್ಲಿ ಸವಾರರ ಬೆನ್ನ ಮೇಲೆ, ಎರಡು ಭುಜಕ್ಕೂ ಅಡ್ಡಲಾಗಿ, ಎಂಟರ ಆಕಾರದಲ್ಲಿ ಟೈರುಗಳು ಸುತ್ತಿಕೊಂಡಿರುವುದನ್ನು ಕಾಣಬಹುದು. ಅದು ಷೋಕಿಯಲ್ಲ. 1903ರಲ್ಲಿ ರೇಸನ್ನು ಆರಂಭಿಸಿದ ಆನ್ರಿ ದೆಗ್ರಾಂಜ್‌ನ ಹಟ ಒಂದೇ: ಸವಾರ ಯಾರ ನೆರವನ್ನೂ ಪಡೆಯಕೂಡದು. 1913ರಲ್ಲಿ ಪಿರನೀಸ್ ಬೆಟ್ಟದಲ್ಲಿ ಮುಂದಿನ ಫೋರ್ಕ್ ಮುರಿದುಕೊಂಡ ಯೂಜೆನ್ ಕ್ರಿಸ್ತಾಫ್ ಹಳ್ಳಿಯ ಕುಲುಮೆಯಲ್ಲಿ ತಾನೇ ಬೆಸೆದುಕೊಂಡ. ಹುಡುಗನೊಬ್ಬ ತಿದಿ ಒತ್ತಿದ ತಪ್ಪಿಗೆ ಕ್ರಿಸ್ತಾಫ್‌ಗೇ ದಂಡ ಬಿತ್ತು. ಟೈರಿನ ವಿಷಯದಲ್ಲಂತೂ ಬೆಲ್ಜಿಯಂನ ಲೆಯೊಂ ಸ್ಕಿಯರ್‌ನ ಕತೆಗೆ ಸಾಟಿಯಿಲ್ಲ. 1919ರ ಟೂರ್‌ನಲ್ಲಿ ಮತ್ತೆ ಮತ್ತೆ ಪಂಕ್ಚರ್ ಆಗಿ, ಬಿಡಿ ಟೈರುಗಳು ಮುಗಿದು, ಯಾವುದೋ ಮನೆಯ ಬಾಗಿಲಲ್ಲಿ ಕುಳಿತು ಟೈರು ಹೊಲಿಯುತ್ತಿದ್ದನಂತೆ. ಚಳಿಗೆ ಬೆರಳು ಮರಗಟ್ಟಿತ್ತು. ಸೂಜಿಗೆ ದಾರ ಪೋಣಿಸಿಕೊಡೆಂದು ಮುದುಕಿಯೊಬ್ಬಳನ್ನು ಕೇಳಿದರೆ, ಪಕ್ಕದಲ್ಲಿ ನಿಂತಿದ್ದ ರೇಸಿನ ಅಧಿಕಾರಿ ದಂಡದ ಮಾತೆತ್ತಿದ. ಸ್ಕಿಯರ್ 1921ರಲ್ಲಿ ಟೂರ್ ಗೆದ್ದ.

ಇಂಥ ನಿಯಮದ ಕೆಳಗೆ ಟ್ಯೂಬುಲರ್ ಆರಿಸಿಕೊಳ್ಳಲು ಕಾರಣ ಸ್ಪಷ್ಟ. ಹಳೆಯ ಅಂಟು ಮೆತ್ತಿದ ಬಿಡಿ ಟೈರು ಬೆನ್ನ ಮೇಲಿದ್ದರೆ ಕೆಲವು ನಿಮಿಷಗಳಲ್ಲಿ ಬದಲಿಸಬಹುದು. ಹೊಲಿಯುವ ಕೆಲಸ ರಾತ್ರಿ ತಂಗಿದಲ್ಲಿ. 1934ರಲ್ಲಿ ಎಳೆಯ ರೆನೆ ವಿಯೆತೊ ತನ್ನ ಚಕ್ರವನ್ನೇ ಬಿಚ್ಚಿ ನಾಯಕ ಆಂತೊನಾಂ ಮಾಞಿಗೆ ಕೊಟ್ಟು ರಸ್ತೆಬದಿಯ ಗೋಡೆಯ ಮೇಲೆ ಅಳುತ್ತ ಕುಳಿತ ಚಿತ್ರ ಫ್ರಾನ್ಸಿನಲ್ಲಿ ಈಗಲೂ ಪ್ರಸಿದ್ಧ. ಪಂಕ್ಚರ್ ಆದಾಗ ಚಕ್ರವನ್ನೇ ಬದಲಿಸಬಹುದು ಎಂದು ಟೂರ್ ಒಪ್ಪಿದ್ದು 1956ರಲ್ಲಿ. 1970ರ ದಶಕದಲ್ಲಿ ಮಾವಿಕ್ ಕಂಪನಿಯ ಹಳದಿ ಕಾರುಗಳು ಯಾವ ತಂಡದವರಿಗಾದರೂ ಚಕ್ರ ಕೊಡಲು ರೇಸಿನ ಹಿಂದೆ ಬರತೊಡಗಿದವು. ಬೆನ್ನ ಮೇಲಿನ ಟೈರು ಹೋಯಿತು, ಟ್ಯೂಬುಲರ್ ಮಾತ್ರ ಹೋಗಲಿಲ್ಲ. ಆಗ ಅದಕ್ಕೆ ಬೇರೆ ಕಾರಣ: ಗಾಳಿ ಹೋದರೂ ಅಂಟಿದ ಟೈರು ರಿಮ್ಮಿನ ಮೇಲೆಯೇ ಇರುತ್ತದೆ, ಕಾರು ಬರುವ ತನಕ ಸವಾರ ಹಾಗೆಯೇ ತುಳಿಯುತ್ತ ಹೋಗಬಹುದು.

ಇನ್ನೊಂದು ಕಾರಣ ಟೈರಿನದಲ್ಲ, ರಿಮ್ಮಿನದು. ಕೊಕ್ಕೆ, ಏಣು ಏನೂ ಬೇಡದ, ಮೇಲ್ಭಾಗ ತುಸು ತಗ್ಗಾಗಿರುವ ಟ್ಯೂಬುಲರ್ ರಿಮ್ಮು ಹಗುರ, ಮಾಡಲು ಸುಲಭ, ಗಟ್ಟಿ. ಗುಂಡಿಗೆ ಬಿದ್ದಾಗ ಟ್ಯೂಬನ್ನು ಕಚ್ಚಿ ಜೋಡಿ ತೂತು ಮಾಡುವ ಚೂಪು ಅಂಚೂ ಅದಕ್ಕಿಲ್ಲ. ಪ್ಯಾರಿಸ್–ರೂಬೆ ರೇಸಿನ ಕಲ್ಲುಹಾಸಿನ ರಸ್ತೆಗೆ ಅಗಲದ ಟ್ಯೂಬುಲರ್‌ಗಳನ್ನು ಗಾಳಿ ಇಳಿಸಿ ಬಳಸಲು ಸಾಧ್ಯವಾಗಿದ್ದು ಇದರಿಂದಲೇ.

ಕೊಳ್ಳುವವರು ಟೈರನ್ನು ನೋಡುತ್ತಾರೆ, ಅಂಟನ್ನು ಮರೆಯುತ್ತಾರೆ. ಮೆಕ್ಯಾನಿಕ್‌ಗಳ ದೃಷ್ಟಿಯಲ್ಲಿ ಇದು ತಲೆಕೆಳಗು. ಹೊಸ ಟೈರನ್ನು ಮೊದಲು ಅಂಟಿಲ್ಲದೆ ರಿಮ್ಮಿಗೆ ಏರಿಸಿ, ಗಾಳಿ ತುಂಬಿ, ಹಿಗ್ಗಲು ಬಿಡಬೇಕು. ಆಮೇಲೆ ರಿಮ್ಮಿಗೂ ಟೈರಿನ ಪಟ್ಟಿಗೂ ತೆಳುವಾಗಿ ಅಂಟು ಬಳಿದು ಒಣಗಿಸಿ, ಮತ್ತೆ ಬಳಿದು, ಕೊನೆಯ ಹಸಿ ಪದರದ ಮೇಲೆ ವಾಲ್ವಿನ ಕಡೆಯಿಂದ ಶುರುಮಾಡಿ ಎರಡೂ ಕೈಯಿಂದ ಕೆಳಕ್ಕೆಳೆಯುತ್ತ ಕೂರಿಸಬೇಕು. ಒಂದು ದಿನ ಮುಟ್ಟಬಾರದು. ಪಂಕ್ಚರ್ ಪ್ಯಾಚಿಗೆ ನಮ್ಮ ಅಂಗಡಿಗಳಲ್ಲಿ ಹಚ್ಚುವ ಸೊಲ್ಯೂಷನ್ ಈ ಕೆಲಸಕ್ಕೆ ನಡೆಯುವುದಿಲ್ಲ. ಇದು ಬೇರೆ ಜಾತಿಯ ಅಂಟು, ರಿಮ್ಮು ಕಾರ್ಬನ್ನೋ ಅಲ್ಯೂಮಿನಿಯಮ್ಮೋ ನೋಡಿ ಅದಕ್ಕೆ ಹೊಂದುವುದನ್ನು ಆರಿಸಬೇಕು. ಇಳಿಜಾರಿನಲ್ಲಿ ಬ್ರೇಕ್ ಹಿಡಿದಾಗ ರಿಮ್ಮು ಕಾದು ಅಂಟು ಸಡಿಲವಾಗುವ ಭಯ ಹಳೆಯದು. ಶಾಖ ಹಾಯದ ಮರದ ರಿಮ್ಮನ್ನು ಬಿಟ್ಟು ಲೋಹಕ್ಕೆ ಬದಲಾಗಲು ರೇಸಿನವರು ಹಿಂಜರಿದದ್ದೂ ಇದಕ್ಕೇ. 2003ರ ಜುಲೈ 14ರಂದು ಟೂರ್‌ನಲ್ಲಿ, ಬಿಸಿಲಿಗೆ ಟಾರು ಕರಗಿದ್ದ ರಸ್ತೆಯಲ್ಲಿ ಗಾಪ್ ಪಟ್ಟಣದತ್ತ ಇಳಿಯುತ್ತಿದ್ದ ಹೊಸೆಬ ಬೆಲೋಕಿಯ ಹಿಂದಿನ ಚಕ್ರ ಜಾರಿ, ಟೈರು ರಿಮ್ಮಿನಿಂದ ಕಳಚಿತು. ತೊಡೆಯ ಮೂಳೆ ಮುರಿದುಕೊಂಡ ಅವನು ಮತ್ತೆ ಹಳೆಯ ಮಟ್ಟಕ್ಕೆ ಏರಲೇ ಇಲ್ಲ.

ಅಂಟಿಗೆ ಇನ್ನೊಂದು ದೋಷವೂ ಇದೆ. ರಸ್ತೆಗೆ ಬಳಸುವ ಅಂಟು ಪೂರ್ತಿ ಗಟ್ಟಿಯಾಗುವುದಿಲ್ಲ. ಚಕ್ರ ಉರುಳಿದಂತೆಲ್ಲ ಟೈರು ಅದರ ಮೇಲೆ ಕೂದಲೆಳೆಯಷ್ಟು ಹೊರಳಾಡುತ್ತ ಶಕ್ತಿ ತಿನ್ನುತ್ತದೆ. ಚಕ್ರಗಳ ಬಗ್ಗೆ ಪ್ರಮಾಣಗ್ರಂಥ ಬರೆದ ಎಂಜಿನಿಯರ್ ಜಾಬ್ಸ್ಟ್ ಬ್ರಾಂಟ್ ಇದನ್ನು ಬಿಡದೆ ವಾದಿಸಿದ. ವೆಲೊಡ್ರೋಮ್‌ನವರು, ಅಂದರೆ ದುಂಡು ಟ್ರ್ಯಾಕಿನಲ್ಲಿ ರೇಸ್ ಓಡಿಸುವವರು, ಬಹಳ ಹಿಂದಿನಿಂದಲೂ ಅರಗಿನಂಥ ಗಟ್ಟಿ ಅಂಟು ಬಳಸುತ್ತಿದ್ದರು. ಟ್ಯೂಬುಲರ್ ಎಂದರೇ ವೇಗ ಎಂಬ ನಂಬಿಕೆಗೆ ಇಲ್ಲಿ ಮೊದಲ ಬಿರುಕು ಬಿತ್ತು.

ಎರಡನೆಯ ಬಿರುಕು ಕ್ಲಿಂಚರಿನ ಕಡೆಯಿಂದ. 1970ರ ದಶಕದ ನಡುವೆ ಮಿಶೆಲಿನ್ ಮತ್ತು ಮಾವಿಕ್ ಕೂಡಿ ಕೊಕ್ಕೆಯ ಹಗುರ ರಿಮ್ಮನ್ನೂ ಅದಕ್ಕೊಪ್ಪುವ ಸಪೂರ ಟೈರನ್ನೂ ತಂದವು. ಅಂಚಿನ ತಂತಿಯ ಬದಲು ಕೆವ್ಲಾರ್ ಎಳೆ ಬಂದು ಟೈರು ಮಡಚಿ ಜೇಬಿಗಿಳಿಯಿತು. ಹವ್ಯಾಸಿಗಳು ಆಗಲೇ ದೂರ ಸರಿದರು. ಅವರ ಹಿಂದೆ ಕಾರು ಬರುತ್ತಿರಲಿಲ್ಲ. ಟ್ಯೂಬುಲರ್ ತೂತಾದರೆ ಪಟ್ಟಿ ಬಿಡಿಸಿ, ಹೊಲಿಗೆ ಕತ್ತರಿಸಿ, ಪ್ಯಾಚ್ ಹಾಕಿ, ಮತ್ತೆ ಹೊಲಿದು, ಮತ್ತೆ ಅಂಟಿಸಲು ಒಂದು ಸಂಜೆ ಬೇಕು. ವೃತ್ತಿಪರರನ್ನು ಇನ್ನೂ ಹಿಡಿದಿಟ್ಟಿದ್ದು ಕಾರ್ಬನ್ ರಿಮ್ಮು. ಅದರ ತೆಳು ಅಂಚು ಬ್ರೇಕಿನ ಕಾವಿಗೆ ಮೆತ್ತಗಾಗಬಹುದೆಂಬ ಭಯವಿದ್ದುದರಿಂದ ಅಂಚೇ ಇಲ್ಲದ ಟ್ಯೂಬುಲರ್ ರಿಮ್ಮು ಸುರಕ್ಷಿತವೆನಿಸುತ್ತಿತ್ತು. ಡಿಸ್ಕ್ ಬ್ರೇಕ್ ಬಂದು ಕಾವು ರಿಮ್ಮಿನಿಂದ ಚಕ್ರದ ನಡುವಿಗೆ ಸರಿದದ್ದೇ ಆ ವಾದ ಮುಗಿಯಿತು. 2006ರಲ್ಲಿ ಹಚಿನ್ಸನ್ ಮತ್ತು ಶಿಮಾನೊ ಕಂಪನಿಗಳು ರಸ್ತೆ ಸೈಕಲ್ಲಿಗೆ ತಂದ ಟ್ಯೂಬ್‌ಲೆಸ್ ಟೈರು, ಸಣ್ಣ ತೂತನ್ನು ತಾನೇ ಮುಚ್ಚುವ ದ್ರವದ ಬಲದಿಂದ, ನಿಧಾನವಾಗಿ ಪೆಲೋಟಾನಿಗೆ ಹೊಕ್ಕಿತು. 2021ರ ಅಕ್ಟೋಬರ್‌ನಲ್ಲಿ ಕೆಸರು ತುಂಬಿದ ಪ್ಯಾರಿಸ್–ರೂಬೆಯನ್ನು ಸೊನ್ನಿ ಕೊಲ್‌ಬ್ರೆಲ್ಲಿ ಟ್ಯೂಬ್‌ಲೆಸ್ ಟೈರಿನ ಮೇಲೆ ಗೆದ್ದ. ಟ್ಯೂಬುಲರ್‌ನ ಕೋಟೆಯೆಂದೇ ಹೆಸರಾಗಿದ್ದ ರೇಸು ಅದು.

ಈಗಲೂ ಟ್ಯೂಬುಲರ್ ಕೊಳ್ಳುವವರಿದ್ದಾರೆ. ವೆಲೊಡ್ರೋಮ್‌ನಲ್ಲಿ ಅದು ಉಳಿದಿದೆ. ಕೆಸರಿನ ಸೈಕ್ಲೋಕ್ರಾಸ್‌ನಲ್ಲಿ ಗಾಳಿಯನ್ನು ತೀರ ಇಳಿಸಿ ಓಡಿಸುವವರು ಡುಗಾಸ್ಟ್, ಎಫ್‌ಎಂಬಿ ಕಂಪನಿಗಳ ಹತ್ತಿ ಟೈರುಗಳಿಗೆ ಹೆಚ್ಚು ಬೆಲೆ ತೆರುತ್ತಾರೆ. ರಸ್ತೆಗೆ ಆರಿಸುವವರು ರಿಮ್ಮಿನ ಅಗಲಕ್ಕೆ ತಕ್ಕ ಟೈರು ನೋಡಬೇಕು: ಇಪ್ಪತ್ತೊಂದು, ಇಪ್ಪತ್ತೆರಡು ಮಿಲಿಮೀಟರಿನ ಹಳೆಯ ಫ್ಯಾಷನ್ ಈಗಿಲ್ಲ, 25 ಅಥವಾ 28 ಸಾಮಾನ್ಯ. ಲ್ಯಾಟೆಕ್ಸ್ ಟ್ಯೂಬಾದರೆ ಪ್ರತಿದಿನ ಪಂಪು ಹಿಡಿಯಬೇಕು. ಹತ್ತಿಯ ಬದಿ ನೆನೆದರೆ ಕೊಳೆಯುತ್ತದೆ. ಇಟಲಿಯ ಗಯೋಲೆ ಇನ್ ಕಿಯಾಂತಿಯಲ್ಲಿ 1997ರಿಂದ ನಡೆಯುವ ‘ಎರೋಯಿಕ’ ಸವಾರಿಗೆ ಹಳೆಯ ಸೈಕಲ್ಲೇ ಬೇಕೆಂಬ ನಿಯಮವಿದೆ. ಬಿಳಿ ಮಣ್ಣಿನ ಆ ದಾರಿಯಲ್ಲಿ, ಎಂಟರ ಆಕಾರದಲ್ಲಿ ಭುಜಕ್ಕೆ ಸುತ್ತಿದ ಟೈರು ಇಂದಿಗೂ ಕಾಣಸಿಗುತ್ತದೆ.