ಹ್ಯಾಮ್‌ಸ್ಟರ್‌ಗೆ ಯಕೃತ್ತಿನ ಕಾಯಿಲೆ: ಪತ್ತೆ ಹೇಗೆ?

ನಗರದ ಮನೆಗಳಲ್ಲಿ ನಾಯಿ, ಬೆಕ್ಕುಗಳ ಜೊತೆಗೆ ಹ್ಯಾಮ್‌ಸ್ಟರ್‌ಗೂ ಈಗ ಸ್ಥಾನ ದೊರೆತಿದೆ. ಅಂಗೈಯಲ್ಲಿ ಹಿಡಿಸುವ ಈ ದಂಶಕ ಪ್ರಾಣಿಯ ಆಯುಸ್ಸು ಎರಡರಿಂದ ಮೂರು ವರ್ಷ ಮಾತ್ರ. ಇಳಿವಯಸ್ಸಿನಲ್ಲಿ ಅದನ್ನು ಕಾಡುವ ಕಾಯಿಲೆಗಳಲ್ಲಿ ಯಕೃತ್ತಿನ ತೊಂದರೆಗಳೂ ಸೇರಿವೆ. ಪರಭಕ್ಷಕಗಳಿಗೆ ಹೆದರಿ ಬದುಕುವ ಇತರ ಪ್ರಾಣಿಗಳಂತೆ ಹ್ಯಾಮ್‌ಸ್ಟರ್ ಕೂಡ ತನ್ನ ಅಸ್ವಾಸ್ಥ್ಯವನ್ನು ಮರೆಮಾಚುತ್ತದೆ. ಹೊಟ್ಟೆ ಉಬ್ಬಿರುವುದು ಕಣ್ಣಿಗೆ ಬೀಳುವ ಹೊತ್ತಿಗೆ ಕಾಯಿಲೆ ಬಹಳ ಮುಂದುವರಿದಿರುತ್ತದೆ. ಆದ್ದರಿಂದ ರೋಗಪತ್ತೆಯ ಕಾರ್ಯ ಮನೆಯಲ್ಲೇ ಆರಂಭವಾಗಬೇಕು.

ಕಾರಣಗಳು

ಸಾಕುಪ್ರಾಣಿಯಾಗಿ ಹೆಚ್ಚು ಪ್ರಚಲಿತವಾಗಿರುವುದು ಸಿರಿಯನ್ ಹ್ಯಾಮ್‌ಸ್ಟರ್. 1930ರಲ್ಲಿ ಪ್ರಾಣಿಶಾಸ್ತ್ರಜ್ಞ ಇಸ್ರೇಲ್ ಅಹರೋನಿ ಅವರ ತಂಡ ಸಿರಿಯಾದ ಅಲೆಪ್ಪೊ ಬಳಿ ಹಿಡಿದ ಒಂದೇ ಸಂಸಾರದ ಮರಿಗಳಿಂದ ಇಂದಿನ ಬಹುಪಾಲು ಸಂತತಿ ಬೆಳೆದುಬಂದಿದೆ. ಪ್ರಯೋಗಾಲಯಗಳಲ್ಲಿ ದಶಕಗಳಿಂದ ಬಳಕೆಯಲ್ಲಿರುವುದರಿಂದ ಇದರ ಕಾಯಿಲೆಗಳ ಬಗ್ಗೆ ಸಾಕಷ್ಟು ತಿಳಿದುಬಂದಿದೆ. ವಯಸ್ಸಾದ ಹ್ಯಾಮ್‌ಸ್ಟರ್‌ಗಳಲ್ಲಿ, ಅದರಲ್ಲೂ ಹೆಣ್ಣುಗಳಲ್ಲಿ, ಒಂದು ಬಗೆಯ ಅಸಹಜ ಪ್ರೊಟೀನ್ ಮೂತ್ರಪಿಂಡ ಹಾಗೂ ಯಕೃತ್ತಿನಲ್ಲಿ ಶೇಖರಗೊಳ್ಳುವುದುಂಟು. ಇದಕ್ಕೆ ಅಮೈಲಾಯ್ಡೋಸಿಸ್ ಎಂದು ಹೆಸರು. ಯಕೃತ್ತಿನಲ್ಲಿ ದ್ರವ ತುಂಬಿದ ಗುಳ್ಳೆಗಳು, ಸಿರೋಸಿಸ್, ಗೆಡ್ಡೆ ಹಾಗೂ ಬ್ಯಾಕ್ಟೀರಿಯಾ ಸೋಂಕು ಇತರ ಕಾರಣಗಳು. ಬೂಷ್ಟು ಹಿಡಿದ ಕಡಲೆಕಾಯಿ, ಕಾಳುಗಳಲ್ಲಿ ಉತ್ಪತ್ತಿಯಾಗುವ ಅಫ್ಲಟಾಕ್ಸಿನ್ ಎಂಬ ವಿಷವೂ ಯಕೃತ್ತಿಗೆ ಹಾನಿಕರ.

ಮನೆಯಲ್ಲಿ ಗಮನಿಸಬೇಕಾದುದು

ಮೈತೂಕದ ಇಳಿಕೆ, ಹಸಿವಿಲ್ಲದಿರುವಿಕೆ, ಜಡತೆ, ಕೆದರಿದ ರೋಮ, ಉಬ್ಬಿದ ಹೊಟ್ಟೆ ಮುಖ್ಯ ಲಕ್ಷಣಗಳು. ಆದರೆ ಇವುಗಳನ್ನು ಗುರುತಿಸುವಾಗ ಮೋಸಹೋಗುವ ಸಾಧ್ಯತೆ ಹೆಚ್ಚು. ಬಟ್ಟಲು ಖಾಲಿಯಾದ ಮಾತ್ರಕ್ಕೆ ಹ್ಯಾಮ್‌ಸ್ಟರ್ ತಿಂದಿದೆ ಎನ್ನುವಂತಿಲ್ಲ. ಅದು ಆಹಾರವನ್ನು ಕೆನ್ನೆಯ ಚೀಲದಲ್ಲಿ ತುಂಬಿಕೊಂಡು ಗೂಡಿನಲ್ಲಿ ಬಚ್ಚಿಡುತ್ತದೆ. ನಿಶಾಚರಿಯಾದ ಕಾರಣ ಹಗಲಿನ ನಿದ್ದೆ ಜಡತೆಯಲ್ಲ. ಅದರ ಬಾಚಿಹಲ್ಲುಗಳ ಹಳದಿ ಬಣ್ಣ ಸಹಜವಾದುದು. ಕಾಮಾಲೆಯ ಛಾಯೆಯನ್ನು ಕಿವಿ, ಒಸಡು ಹಾಗೂ ಪಾದದ ಚರ್ಮದಲ್ಲಿ ಹುಡುಕಬೇಕು.

ಎಲ್ಲಕ್ಕಿಂತ ವಿಶ್ವಾಸಾರ್ಹ ಸಾಧನವೆಂದರೆ ಅಡುಗೆಮನೆಯ ಡಿಜಿಟಲ್ ತಕ್ಕಡಿ. ವಾರಕ್ಕೊಮ್ಮೆ ಒಂದೇ ಹೊತ್ತಿನಲ್ಲಿ ತೂಗಿ ಬರೆದಿಡಬೇಕು. 120 ಗ್ರಾಂ ತೂಕದ ಪ್ರಾಣಿ 12 ಗ್ರಾಂ ಕಳೆದುಕೊಂಡರೆ ಅದು ಮೈತೂಕದ ಹತ್ತನೇ ಒಂದು ಭಾಗ. ಹೊಟ್ಟೆಯಲ್ಲಿ ನೀರು ತುಂಬಿದಾಗ ಮಾತ್ರ ಲೆಕ್ಕ ತಪ್ಪುತ್ತದೆ: ತೂಕ ಹೆಚ್ಚುತ್ತದೆ, ಬೆನ್ನುಮೂಳೆ ಕೈಗೆ ಸಿಗತೊಡಗುತ್ತದೆ.

ವೈದ್ಯರ ಪರೀಕ್ಷೆ

ಉಬ್ಬಿದ ಹೊಟ್ಟೆಗೆ ಗರ್ಭ, ಗರ್ಭಕೋಶದ ಕೀವು, ಗೆಡ್ಡೆ, ಹೃದಯ ಅಥವಾ ಮೂತ್ರಪಿಂಡದ ವೈಫಲ್ಯವೂ ಕಾರಣವಾಗಬಹುದು. ಇವುಗಳನ್ನು ಬೇರ್ಪಡಿಸಿ ನೋಡಲು ಅಲ್ಟ್ರಾಸೌಂಡ್ ಹೆಚ್ಚು ಉಪಯುಕ್ತ. ಗುಳ್ಳೆ, ಗೆಡ್ಡೆ, ದ್ರವ ಮೂರನ್ನೂ ಅದು ತೋರಿಸುತ್ತದೆ. ಸೂಜಿಯಿಂದ ತೆಗೆದ ದ್ರವದ ಪರೀಕ್ಷೆಯೂ ನೆರವಾಗುತ್ತದೆ.

ರಕ್ತಪರೀಕ್ಷೆಗೆ ದೇಹದ ಗಾತ್ರವೇ ಅಡ್ಡಿ. 120 ಗ್ರಾಂ ತೂಕದ ಹ್ಯಾಮ್‌ಸ್ಟರ್‌ನ ದೇಹದಲ್ಲಿರುವ ಒಟ್ಟು ರಕ್ತ ಸುಮಾರು 8ರಿಂದ 9 ಮಿಲಿಲೀಟರ್. ಅದರ ಹತ್ತನೇ ಒಂದು ಭಾಗಕ್ಕಿಂತ ಹೆಚ್ಚು ತೆಗೆಯುವುದು ಅಪಾಯಕರ. ಸಾಮಾನ್ಯವಾಗಿ ಅರಿವಳಿಕೆಯೂ ಬೇಕಾಗುತ್ತದೆ. ಸಿಕ್ಕಷ್ಟು ರಕ್ತದಲ್ಲಿ ಯಕೃತ್ತಿನ ಕಿಣ್ವಗಳು, ಬಿಲಿರುಬಿನ್, ಆಲ್ಬುಮಿನ್ ಪ್ರಮಾಣ ಅಳೆಯಲಾಗುತ್ತದೆ. ಅಂಗಾಂಶದ ತುಣುಕು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದರಷ್ಟೇ ರೋಗ ಖಚಿತವಾಗುವುದಾದರೂ, ನಿತ್ರಾಣಗೊಂಡ ಪ್ರಾಣಿಗೆ ಆ ಶಸ್ತ್ರಕ್ರಿಯೆ ಪ್ರಾಣಾಂತಿಕವಾಗಬಲ್ಲದು. ಹೀಗಾಗಿ ಅನೇಕ ಸಂದರ್ಭಗಳಲ್ಲಿ ಅಂತಿಮ ಉತ್ತರ ದೊರೆಯುವುದು ಮರಣೋತ್ತರ ಪರೀಕ್ಷೆಯಲ್ಲಿ.

ಪರೀಕ್ಷೆಯ ಫಲ ಚಿಕಿತ್ಸೆಯನ್ನು ಬದಲಿಸುವುದೇ ಎಂದು ವೈದ್ಯರಲ್ಲಿ ಮೊದಲೇ ವಿಚಾರಿಸುವುದು ವಿವೇಕ. ಅಮೈಲಾಯ್ಡೋಸಿಸ್ ಹಾಗೂ ಸಿರೋಸಿಸ್ ಗುಣವಾಗುವ ಕಾಯಿಲೆಗಳಲ್ಲ. ಅಲ್ಲಿ ಪ್ರಾಣಿಯ ನೆಮ್ಮದಿಯೇ ಮುಖ್ಯ. ಮನುಷ್ಯರ ಔಷಧವನ್ನು ಸ್ವಂತ ನಿರ್ಧಾರದಿಂದ ಕೊಡುವುದು ಸಲ್ಲದು. ಪೆನಿಸಿಲಿನ್, ಅಮಾಕ್ಸಿಸಿಲಿನ್‌ನಂಥ ಆಂಟಿಬಯೋಟಿಕ್‌ಗಳು ಹ್ಯಾಮ್‌ಸ್ಟರ್‌ನ ಕರುಳಿನ ಉಪಯುಕ್ತ ಬ್ಯಾಕ್ಟೀರಿಯಾಗಳನ್ನು ನಾಶಮಾಡಿ ಸಾವಿಗೆ ಕಾರಣವಾಗಬಲ್ಲವು. ಸಣ್ಣ ಪ್ರಾಣಿಗಳ ಚಿಕಿತ್ಸೆಯಲ್ಲಿ ಅನುಭವವುಳ್ಳ ಪಶುವೈದ್ಯರ ಬಳಿಗೆ ಹೋಗುವಾಗ ತೂಕದ ಪಟ್ಟಿಯನ್ನು ಮರೆಯದೆ ಒಯ್ಯಬೇಕು. ಮಾತು ಬಾರದ ಜೀವದ ಪರವಾಗಿ ಹೇಳಬಲ್ಲ ಸಾಕ್ಷ್ಯ ಅದೊಂದೇ.