ಯೋಗ ಇರಬೇಕು, ಯೋಗ ಮಾಡಬೇಕು

ಮಂಡ್ಯದ ಕಡೆ ಮಗಳಿಗೆ ಒಳ್ಳೆಯ ಸಂಬಂಧ ಕುದುರಿದರೆ ‘ಯೋಗ ಕೂಡಿ ಬಂತು’ ಅನ್ನುತ್ತಾರೆ. ಬೋರು ಕೊರೆಸಿ ನೀರು ಬೀಳದಿದ್ದರೆ ‘ನಮಗೆ ಯೋಗ ಇಲ್ಲ ಬುಡಪ್ಪ’. ಈ ಯೋಗ ಇರುತ್ತದೆ, ಇರುವುದಿಲ್ಲ, ಬರುತ್ತದೆ, ತಪ್ಪುತ್ತದೆ. ಮನುಷ್ಯ ಅದಕ್ಕಾಗಿ ಕಾಯಬಹುದು, ಅಷ್ಟೇ. ಕಾಗದ ಬರೆಯುವ ಕಾಲದ ‘ಯೋಗಕ್ಷೇಮ’ದಲ್ಲೂ ಇದೇ ಅರ್ಥದ ನೆರಳಿದೆ: ಇಲ್ಲದ್ದು ದೊರೆತರೆ ಯೋಗ, ದೊರೆತದ್ದು ಉಳಿದರೆ ಕ್ಷೇಮ.

‘ಯೋಗ ಮಾಡ್ತೀನಿ’ ಎಂಬುದು ನಮ್ಮ ಹಳ್ಳಿಗಳ ಬಾಯಿಗೆ ತಡವಾಗಿ ಬಂದ ಮಾತು. ಆ ‘ಮಾಡು’ ಸೇರಿಕೊಂಡಿತಲ್ಲ, ನನಗೆ ಅದು ಬಹಳ ದೊಡ್ಡ ಸಂಗತಿ. ಕಬ್ಬು ಬೆಳೆಯುವವನ ಕೈಯಲ್ಲಿ ಏನಿದೆ ಹೇಳಿ? ಕನ್ನಂಬಾಡಿ ಕಟ್ಟೆ ತುಂಬುವುದು ಕೊಡಗಿನ ಮಳೆಯಿಂದ. ನಾಲೆಗೆ ನೀರು ಬಿಡುವ ದಿನ ಬೇರೆಯವರದು, ಕಟಾವಿನ ಸರದಿ ಕಾರ್ಖಾನೆಯದು, ಬಟವಾಡೆ ಯಾವಾಗಲೋ. ಮೊದಲ ಅಂತರರಾಷ್ಟ್ರೀಯ ಯೋಗ ದಿನ ನಡೆದದ್ದು 2015ರ ಜೂನ್ 21ರಂದು. ಅದೇ ಮುಂಗಾರಿನಲ್ಲಿ ಈ ಜಿಲ್ಲೆಯಿಂದ ಕಬ್ಬು ಬೆಳೆಗಾರರ ಆತ್ಮಹತ್ಯೆಯ ಸುದ್ದಿ ಒಂದರ ಹಿಂದೆ ಒಂದು ಬಂತು. ಎರಡನ್ನೂ ಒಟ್ಟಿಗೆ ನೆನೆಯದೆ ಈ ಪದದ ಬಗ್ಗೆ ಬರೆಯಲು ನನಗೆ ಆಗುವುದಿಲ್ಲ. ಪ್ರಾಣಾಯಾಮದಿಂದ ಸಾಲ ತೀರುವುದಿಲ್ಲ. ತೀರುತ್ತದೆ ಎನ್ನುವ ಧಾಟಿಯಲ್ಲಿ ಮಾತಾಡುವವರನ್ನು ನಂಬಲೂಬಾರದು. ಆದರೆ ಎಲ್ಲವೂ ಕೈತಪ್ಪಿದೆ ಅನಿಸುವ ಹೊತ್ತಿನಲ್ಲಿ ಉಸಿರೊಂದು ಕೈಗೆ ಸಿಕ್ಕರೆ ಅದು ಸಣ್ಣದಲ್ಲ.

ಮದ್ದೂರಿನಲ್ಲಿ ನರಸಿಂಹ ಉಗ್ರ. ಹಿರಣ್ಯಕಶಿಪುವಿನ ಒಡಲು ಬಗೆಯುತ್ತಿರುವ ಆ ಮೂರ್ತಿಯ ಮುಂದೆ ನಿಂತವರಿಗೆ ಸಿಟ್ಟೆಂದರೇನು ಎಂದು ಯಾರೂ ವಿವರಿಸಬೇಕಾಗಿಲ್ಲ. ಮಳವಳ್ಳಿಯ ಹತ್ತಿರ ಮಾರೇಹಳ್ಳಿಯಲ್ಲಿ ಅವನೇ ಲಕ್ಷ್ಮೀನರಸಿಂಹ. ಇದೇ ಜಿಲ್ಲೆಯ ಮೇಲುಕೋಟೆಯ ಬೆಟ್ಟದ ಮೇಲೆ ಯೋಗಾನರಸಿಂಹ. ಯೋಗಾನರಸಿಂಹನ ಮೂರ್ತಿಗಳಲ್ಲಿ ಎತ್ತಿದ ಮೊಣಕಾಲುಗಳನ್ನು ಬಳಸಿ ಒಂದು ಪಟ್ಟಿ ಬಿಗಿದಿರುತ್ತದೆ, ಅದೇ ಯೋಗಪಟ್ಟ. ಮುಖ ಅದೇ ಸಿಂಹದ್ದು, ಕೋರೆ ಉಗುರು ಎಲ್ಲ ಅಲ್ಲೇ ಇವೆ. ಕೋಪವನ್ನು ಕಿತ್ತೆಸೆದವನಲ್ಲ ಆತ, ಕೋಪವಿದ್ದೂ ಕೂತವನು. ಯೋಗದಿಂದ ಮನಸ್ಸಿಗೆ ಏನಾಗುತ್ತದೆ ಎಂದು ಯಾರಾದರೂ ಕೇಳಿದರೆ ನನಗೆ ಮೊದಲು ತೋರಿಸಬೇಕೆನಿಸುವುದು ಈ ಪಟ್ಟಿಯನ್ನೇ.

ಪಂಡಿತರು ಈ ಪದವನ್ನು ‘ಯುಜ್’ ಧಾತುವಿಗೆ ಒಯ್ಯುತ್ತಾರೆ. ಅಂದರೆ ಕೂಡಿಸು, ಹೂಡು. ಯುಗಾದಿಯಲ್ಲಿ ಹೊನ್ನಾರು ಕಟ್ಟುವ ಜನಕ್ಕೆ ಹೂಡುವುದೆಂದರೆ ಏನೆಂದು ಗೊತ್ತು. ಒಂದು ಎತ್ತು ಎಳೆಯುತ್ತದೆ, ಇನ್ನೊಂದು ಹಿಂದೆ ಜಗ್ಗುತ್ತದೆ. ನೊಗ ಎರಡನ್ನೂ ಹೊಡೆಯುವುದಿಲ್ಲ, ಜೊತೆಗೆ ನಡೆಸುತ್ತದೆ. ದೇಹದಲ್ಲಿ ಆ ಕೆಲಸ ಉಸಿರಿನದು. ಎದೆಬಡಿತಕ್ಕೆ ನಿಧಾನವಾಗು ಎಂದರೆ ಅದು ಕೇಳುವುದಿಲ್ಲ. ಆದರೆ ಉಸಿರು ನಮ್ಮ ಮಾತು ಕೇಳುತ್ತದೆ. ಒಳಕ್ಕೆ ಎಳೆದುಕೊಂಡದ್ದಕ್ಕಿಂತ ಉದ್ದವಾಗಿ ಹೊರಗೆ ಬಿಡುತ್ತಾ ಹೋದರೆ ಮಿದುಳಿನಿಂದ ಹೃದಯಕ್ಕೆ ಇಳಿಯುವ ವೇಗಸ್ ನರ ಬಡಿತವನ್ನು ತಗ್ಗಿಸುತ್ತದೆ, ಬಿಗಿದ ಹೆಗಲು ಸಡಿಲವಾಗುತ್ತದೆ, ನಿದ್ದೆ ಹತ್ತಿರ ಬರುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮನೋರೋಗದ ಚಿಕಿತ್ಸೆಯ ಜೊತೆಗೆ ಯೋಗ ಕಲಿಸುತ್ತಾರೆ. ಜೊತೆಗೆ, ಬದಲಿಗೆ ಅಲ್ಲ. ವಾರಗಟ್ಟಲೆ ಊಟ ಸೇರದೆ, ಬದುಕೇ ಬೇಡ ಅನಿಸುತ್ತಿದ್ದರೆ ವೈದ್ಯರ ಬಳಿಗೇ ಹೋಗಬೇಕು. ಟೆಲಿ ಮಾನಸ್ ಸಹಾಯವಾಣಿಯ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು.

ನಾಟಿ ಮಾಡಿ ಸೊಂಟ ನೋಯುತ್ತಿರುವ ಹೆಂಗಸಿಗೆ ಇನ್ನಷ್ಟು ಬಗ್ಗು ಎಂದು ಹೇಳುವ ಯೋಗ ನಮಗೆ ಬೇಡ. ಅವಳಿಗೆ ಬೇಕಾದದ್ದು ಗೋಡೆಗೆ ಒರಗಿ ಕಾಲು ಚಾಚಿ ಕೂರುವ ಹತ್ತು ನಿಮಿಷ, ಆ ಹೊತ್ತಿನಲ್ಲಿ ಯಾರೂ ಕರೆಯದಿರುವ ಮನೆ. ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಬಂದ ಮೇಲೆ, ಒಲೆ ಹಚ್ಚುವುದಕ್ಕೆ ಮುಂಚೆ ಅಷ್ಟು ಹೊತ್ತನ್ನು ಮನೆಯವರು ಬಿಟ್ಟುಕೊಡಬಹುದು. ಗಂಡಸರೂ ಪಕ್ಕದಲ್ಲೇ ಕೂರಬಹುದು.